ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಜನವರಿ ೧೪

ಅಪ್ಪಾ, ಅಮ್ಮಾ,

ಸುಖವಾಗಿ ತಲುಪಿ ವಾರವಾಯಿತು. ಬಂದ ದಿನವೇ ಎಲ್ಲರ ಫೋನುಗಳನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಭಾನುವಾರ ಹತ್ತು ನಿಮಿಷ ಮಾತ್ರ ಕೈಗೆ ಕೊಡುತ್ತಾರಂತೆ. ಅಪ್ಪನಿಗೆ ಫೋನಿನಲ್ಲಿ "ಹೂಂ" ಬಿಟ್ಟರೆ ಬೇರೆ ಮಾತು ಬರುವುದಿಲ್ಲ, ಹಾಗಾಗಿ ಕಾಗದವೇ ವಾಸಿ.

ಅಗ್ನಿಶಾಮಕ ತರಬೇತಿ ಅಂದರೆ ಪೈಪು ಹಿಡಿದು ನೀರು ಹೊಡೆಯುವುದು ಅಂದುಕೊಂಡಿದ್ದೆ. ಇನ್ನೂ ಒಂದು ತೊಟ್ಟು ನೀರು ನೋಡಿಲ್ಲ. ಬೆಳಗ್ಗೆ ಓಡಿಸುತ್ತಾರೆ, ಮಧ್ಯಾಹ್ನ ಏಣಿ ಹೊರಿಸುತ್ತಾರೆ, ಸಂಜೆ ಮತ್ತೆ ಓಡಿಸುತ್ತಾರೆ. ನಲವತ್ತು ಜನರಲ್ಲಿ ಹುಡುಗಿಯರು ಆರು. ನನ್ನ ಕೋಣೆಯವಳು ಎಷ್ಟು ಎತ್ತರ ಅಂದರೆ ಎಲ್ಲರೂ ಅವಳನ್ನು ಏಣಿ ಅಂತಲೇ ಕರೆಯುತ್ತಾರೆ. ಒಳ್ಳೆಯವಳು. ಆದರೆ ಬೆಳಗ್ಗೆ ಐದು ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಬಳಿದು ತಿನ್ನುತ್ತಾಳೆ. ಅದರಿಂದ ಏನೇನು ಕೆಡುಕು ಅಂತ ಒಂದೊಂದಾಗಿ ಹೇಳಿದೆ. ಕೇಳುತ್ತಲೇ ಐದನೆಯದಕ್ಕೂ ಬೆಣ್ಣೆ ಬಳಿದಳು.

ಅಪ್ಪಾ, ನಿನ್ನ ಸಕ್ಕರೆ ಕಾಯಿಲೆಗೆ ಒಂದು ಪಟ್ಟಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಎಡಗಡೆ "ಸರಿ", ಬಲಗಡೆ "ತಪ್ಪು". ಬಲಗಡೆಯದನ್ನು ಒಂದು ಚೂರೂ ಮುಟ್ಟಬಾರದು. ನಾನು ಎಷ್ಟೋ ವರ್ಷದಿಂದ ಇಂಥ ಪಟ್ಟಿ ಹಿಡಿದೇ ಬದುಕುತ್ತಿದ್ದೇನೆ, ನನಗೇನಾಗಿದೆ? ಹೊಲಿಗೆ ಮಿಷನ್ನಿನ ಎದುರಿನ ಗೋಡೆಗೆ ಅಂಟಿಸಿಕೋ.

ಜುಲೈಯಲ್ಲಿ ತರಬೇತಿ ಮುಗಿದಾಗ ಕವಾಯತು ಇರುತ್ತದೆ. ಅದಕ್ಕೆ ಬಟ್ಟೆ ಇಲಾಖೆಯದು, ಹೊಲಿಸಿಕೊಳ್ಳುವುದು ನಮ್ಮ ಪಾಡು. ದರ್ಜಿಯ ಮಗಳು ಬೇರೆಲ್ಲಿಗೆ ಹೋಗಲಿ? ಬಟ್ಟೆ ಕೈಗೆ ಬಂದ ಮೇಲೆ ಅಳತೆಯ ಜೊತೆ ಕಳಿಸುತ್ತೇನೆ.

ಇಂತು,
ನಿಮ್ಮ ಮಗಳು


ಜನವರಿ ೨೬

ಮಗಳೇ,

ಇಲ್ಲಿ ನಾನು, ನಿನ್ನ ಅಮ್ಮ, ಕತ್ತರಿ ಮೂವರೂ ಕ್ಷೇಮ. ಕತ್ತರಿಗೆ ಮಾತ್ರ ಸಾಣೆ ಹಿಡಿಸಬೇಕು.

ಅಂಗಡಿಗೆ ಬಂದವರಿಗೆಲ್ಲ ಅಳತೆ ತೆಗೆಯುವ ಮೊದಲು ನಿನ್ನ ಸುದ್ದಿ ಹೇಳುತ್ತೇನೆ. ಟೇಪು ಕುತ್ತಿಗೆಗೆ ಹಾಕಿದ ಮೇಲೆ ಗಿರಾಕಿ ಎಲ್ಲಿಗೆ ಓಡಿಹೋಗುತ್ತಾನೆ? ನಿನ್ನೆ ಒಬ್ಬರು, "ಮಗಳನ್ನ ಬೆಂಕಿಗೆ ಕಳಿಸಿದೀರಲ್ಲ, ಭಯ ಆಗಲ್ವಾ?" ಅಂದರು. "ಭಯ ಬೆಂಕಿಗೆ ಆಗ್ಬೇಕು ಸ್ವಾಮಿ, ನಮಗ್ಯಾಕೆ?" ಅಂದೆ. ಅವರು ಹೋದ ಮೇಲೆ ನಿನ್ನ ಅಮ್ಮ ಹಾಕಿ ಮುಗಿಸಿದ್ದ ಕಾಜಾವನ್ನೇ ಬಿಚ್ಚಿ ಮತ್ತೆ ಹಾಕಿದಳು. ಭಯ ನಮಗೂ ಇದೆ ಅಂತಿಟ್ಟುಕೋ. ಆದರೆ ಅದಕ್ಕಿಂತ ಹೆಮ್ಮೆ ದೊಡ್ಡದು.

ಪಟ್ಟಿ ಗೋಡೆಗೇರಿದೆ. ಬಲಗಡೆ ನಾನು ಕಣ್ಣೆತ್ತಿಯೂ ನೋಡುತ್ತಿಲ್ಲ. ಅಕ್ಷರ ಎಷ್ಟು ದುಂಡಗಿದೆ ಅಂತ ನೋಡಲು ಮಾತ್ರ ಆಗೀಗ ನೋಡುತ್ತೇನೆ.

ಆ ಏಣಿ ಹುಡುಗಿಯ ಜೊತೆ ಚೆನ್ನಾಗಿರು. ಮೇಲೆ ಹತ್ತಿದಾಗ ಕೆಳಗೆ ಏಣಿ ಹಿಡಿಯುವವರು ಬೇಕಾಗುತ್ತಾರೆ.

ಆಶೀರ್ವಾದಗಳೊಂದಿಗೆ,
ಅಪ್ಪ


ಫೆಬ್ರವರಿ ೨೫

ಅಪ್ಪಾ,

ಬಟ್ಟೆಯ ಪಾರ್ಸೆಲ್ಲಿನಲ್ಲಿ ಇದನ್ನೂ ಇಟ್ಟಿದ್ದೇನೆ. ಅಳತೆ ಬರೆದುಕೋ. ಭುಜ ಹದಿನೈದೂವರೆ, ಎದೆ ಮೂವತ್ತನಾಲ್ಕು, ತೋಳು ಇಪ್ಪತ್ತೆರಡೂವರೆ, ಸೊಂಟ ಇಪ್ಪತ್ತಾರು. ಕೋಟು ಸೊಂಟದ ಹತ್ತಿರ ಸರಿಯಾಗಿ ಕೂರಬೇಕು, ಸಡಿಲ ಬೇಡ.

ಊಟದ ಮನೆಯಲ್ಲಿ ಈಗ ನನಗೊಂದು ಇಡೀ ಮೇಜು. ಏಣಿ ಕೂಡ ಆಚೆ ಮೇಜಿಗೆ ಹೋಗಿ ಕೂರುತ್ತಾಳೆ. ಅವರವರ ತಟ್ಟೆ ನೋಡಿ ನಿಜ ಹೇಳಿದ್ದಕ್ಕೆ ಇವರಿಗೆಲ್ಲ ಸಿಟ್ಟು. ಇರಲಿ, ಒಬ್ಬಳೇ ಇದ್ದರೆ ಊಟ ಬೇಗ ಮುಗಿಯುತ್ತದೆ.

ಮೊನ್ನೆ ಪೈಪು ಸುತ್ತುವಾಗ ಸ್ವಲ್ಪ ತಲೆ ತಿರುಗಿತು. ಬಿಸಿಲಿಗೆ ಇರಬೇಕು. ಅಮ್ಮನಿಗೆ ಹೇಳಬೇಡ.

ನಿನ್ನ ಸಕ್ಕರೆ ಎಷ್ಟು ಬಂತು? ಪಟ್ಟಿ ತಪ್ಪಿಲ್ಲ ತಾನೆ?

ಮಗಳು


ಮಾರ್ಚ್ ೬

ಏನೇ ಹುಡುಗಿ,

ನಾನು ಗುಂಡಿಗೆ ಕಾಜಾ ಹಾಕುವವಳು, ಕಾಗದ ಬರೆಯುವವಳಲ್ಲ. ಆದರೆ ನಿಮ್ಮಪ್ಪ ಬರೆಯುವ ಸುಳ್ಳು ಓದಿ ಓದಿ ಸಾಕಾಗಿ ಪೆನ್ನು ಹಿಡಿದಿದ್ದೇನೆ.

ಮಂಗಳವಾರ ಹನ್ನೊಂದು ಗಂಟೆಗೆ ಬಟ್ಟೆ ಕತ್ತರಿಸುತ್ತಾ ನಿಂತಿದ್ದವರ ಕೈ ಗಡಗಡ ನಡುಗಿತು, ಮೈಯೆಲ್ಲ ಬೆವರು. ಗಿರಾಕಿಯೊಬ್ಬರು ಹಿಡಿದು ಕೂರಿಸಿದರು. ವಿಚಾರಿಸಿದರೆ, ನಿನ್ನ ಪಟ್ಟಿಯ ಎಡಗಡೆ ಯಾವುದೂ ಬಾಯಿಗೆ ಸೇರದೆ ಬೆಳಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲೇ ಇದ್ದರಂತೆ. ಮರುದಿನ ಕರಿ ಗುಂಡಿ ಹುಡುಕಲು ಗುಂಡಿಯ ಡಬ್ಬಿ ಬಗ್ಗಿಸಿದೆ. ಗುಂಡಿಗಳ ಕೆಳಗೆ ಬಿಸ್ಕತ್ತು! ಒಂದಲ್ಲ ಎರಡಲ್ಲ, ಮೂರು ಪೊಟ್ಟಣ.

"ಇದೇನು?" ಅಂದೆ.

"ಗುಂಡಿಗಳು ಉರುಳದೆ ಇರ್ಲಿ ಅಂತ ಕೆಳಗೆ ಹಾಸಿದೀನಿ," ಅಂದರು.

ಮೊದಲು ಈ ಮನುಷ್ಯ ನನ್ನ ಎದುರಿಗೇ ಚಹಾದ ಜೊತೆ ಒಂದು ಬಿಸ್ಕತ್ತು ತಿಂದು ಕೈ ಒರೆಸಿಕೊಳ್ಳುತ್ತಿದ್ದರು. ನೀನು ಗೋಡೆಗೆ ಪಟ್ಟಿ ಹಚ್ಚಿಸಿದ ಮೇಲೆ ಬೆನ್ನ ಹಿಂದೆ ಆರು ತಿನ್ನುತ್ತಿದ್ದಾರೆ, ಅದೂ ಅಗಿಯದೆ. ಹೊಟ್ಟೆಗಿಂತ ಮುಖ ಸಣ್ಣಗಾಗಿದೆ. ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. "ಹೊತ್ತಿಗೆ ಸರಿಯಾಗಿ ತಿನ್ನಿ, ಹಿತಮಿತವಾಗಿ ತಿನ್ನಿ, ಕದ್ದು ಮಾತ್ರ ತಿನ್ನಬೇಡಿ," ಅಂದರು.

ಇನ್ನೊಂದು ಮಾತು. ನಿನ್ನ ಅಳತೆಯ ಚೀಟಿ ಬಂದಾಗಿನಿಂದ ಅವರು ಹಳೇ ಅಳತೆ ಪುಸ್ತಕ ತೆಗೆದು ಪಕ್ಕಕ್ಕಿಟ್ಟುಕೊಂಡು ಕೂರುತ್ತಾರೆ. ಎರಡು ದಿನ ನಿನ್ನ ಬಟ್ಟೆಗೆ ಕತ್ತರಿ ಹಾಕಲಿಲ್ಲ. ಯಾಕೆ ಅಂದರೆ ಕತ್ತರಿಗೆ ಸಾಣೆ ಹಿಡಿಸಬೇಕು ಅನ್ನುತ್ತಾರೆ. ನಿನಗೇನಾದರೂ ಗೊತ್ತಾ?

ಅಮ್ಮ


ಮಾರ್ಚ್ ೧೩

ಅಪ್ಪಾ,

ಗುಂಡಿಯ ಡಬ್ಬಿಯ ಸಂಗತಿ ಗೊತ್ತಾಯಿತು. ಕಣ್ಣೆತ್ತಿಯೂ ನೋಡುತ್ತಿಲ್ಲ ಅಂತ ಬರೆದಿದ್ದೆಯಲ್ಲ! ಅಷ್ಟು ಸಣ್ಣ ವಿಷಯಕ್ಕೆ ಮಗಳಿಗೆ ಸುಳ್ಳು ಹೇಳಬೇಕಾಗಿತ್ತೇ? ಬಾಯಿ ಕಟ್ಟುವುದು ಅಷ್ಟು ಕಷ್ಟವೇ? ನಾನು ಕಟ್ಟಿಲ್ಲವೇ?

ಕೋಟು ಯಾವಾಗ ಕಳಿಸುತ್ತೀಯ ತಿಳಿಸು.

ಮಗಳು


ಮಾರ್ಚ್ ೩೦

ಮಗಳೇ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಷ್ಟು ತಡಮಾಡುವುದಿಲ್ಲ. ಬಿಸ್ಕತ್ತು ತಿಂದದ್ದು ನಾನೇ, ಸುಳ್ಳು ಬರೆದದ್ದೂ ನಾನೇ. ಅದು ನಿನಗೆ ಹೆದರಿ ಬರೆದದ್ದು. ಗಿರಾಕಿಗಳಿಗೆ, ನಿನ್ನ ಅಮ್ಮನಿಗೆ, ಕೊನೆಗೆ ಡಾಕ್ಟರಮ್ಮನಿಗೂ ಹೆದರದವನು ಆ ದುಂಡು ಅಕ್ಷರಕ್ಕೆ ಹೆದರಿದೆ.

ಕೋಟು, ಪ್ಯಾಂಟು ಈ ಪಾರ್ಸೆಲ್ಲಿನಲ್ಲಿವೆ. ನೀನು ಕೊಟ್ಟ ಅಳತೆಗೇ ಹೊಲಿದಿದ್ದೇನೆ. ಕಾಜಾ ಅಮ್ಮನದು. ಹಾಕಿಕೊಂಡು ನೋಡು. ಬಿಗಿ ಅನ್ನಿಸಿದರೆ ಒಳಗಡೆ ತಿರುಗಿಸಿ ನೋಡು.

ಇದಕ್ಕಿಂತ ಹೆಚ್ಚು ಬರೆಯಲು ಕೂತರೆ ನಾನು ಏನಾದರೂ ಹೇಳಿಬಿಡುತ್ತೇನೆ.

ಅಪ್ಪ


ಏಪ್ರಿಲ್ ೨೮

ಮಗಳೇ,

ಪಾರ್ಸೆಲ್ ತಲುಪಿತು ಅಂತ ಅಂಚೆಯವರ ಚೀಟಿ ಬಂದಿದೆ. ನಿನ್ನಿಂದ ಒಂದು ಸಾಲೂ ಬಂದಿಲ್ಲ. ನಾಲ್ಕು ಭಾನುವಾರದಿಂದ ಫೋನಿನಲ್ಲಿ ನೀನೂ "ಹೂಂ" ಅನ್ನಲು ಕಲಿತಿದ್ದೀಯ. ಆ ವಿದ್ಯೆ ನನಗಿರಲಿ, ನಿನಗೆ ಬೇಡ.

ಅಪ್ಪ


ಮೇ ೯

ಅಪ್ಪಾ,

ಇದನ್ನು ಆರೈಕೆ ಕೋಣೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಮೈಮೇಲೆ ಒಂದು ಗೀರೂ ಇಲ್ಲ.

ಸೋಮವಾರ ಏಣಿಯ ಪರೀಕ್ಷೆ ಇತ್ತು. ಮೂರನೇ ಮಹಡಿಯ ಕಿಟಕಿಯಿಂದ ಮನುಷ್ಯನಷ್ಟೇ ಭಾರದ ಮರಳಿನ ಗೊಂಬೆಯನ್ನು ಹೆಗಲಿಗೆ ಹಾಕಿಕೊಂಡು ಇಳಿಯಬೇಕು. ಬೆಳಗ್ಗೆ ನಾನು ತಿಂದದ್ದು ಅರ್ಧ ಸೌತೆಕಾಯಿ. ಎರಡು ಮೆಟ್ಟಿಲು ಇಳಿದಿದ್ದೆ, ಕಣ್ಣು ಕತ್ತಲೆ ಬಂತು. ಗೊಂಬೆ ಕೆಳಗೆ ಬಿತ್ತು. ಸುರಕ್ಷತೆಯ ಹಗ್ಗ ನನ್ನನ್ನು ಹಿಡಿಯಿತು, ಕೆಳಗಿನಿಂದ ಓಡಿ ಹತ್ತಿ ಬಂದು ಬೆಲ್ಟು ಹಿಡಿದವಳು ಏಣಿ. ತಿಂಗಳುಗಟ್ಟಲೆ ನಾನು ಅವಳ ಬೆಣ್ಣೆಯನ್ನು ಹಂಗಿಸಿದ್ದೆ. ಆ ಬೆಣ್ಣೆ ತಿಂದ ಕೈ ನನ್ನನ್ನು ಇಳಿಸಿತು.

ತರಬೇತಿಯ ಮೇಡಂ ಬೈಯಲಿಲ್ಲ. ಕೆಳಗೆ ಬಿದ್ದು ಹೊಟ್ಟೆ ಬಿರಿದ ಗೊಂಬೆಯನ್ನು ತೋರಿಸಿ, "ಇದು ಮರಳು, ಸರಿಹೋಯ್ತು. ಮನುಷ್ಯ ಆಗಿದ್ರೆ?" ಅಂದರು. ಅಷ್ಟೇ. ಆಮೇಲೆ, "ಜೂನ್ ಹದಿನೈದಕ್ಕೆ ಇನ್ನೊಂದೇ ಅವಕಾಶ. ಆಗ ಆಗ್ಲಿಲ್ಲ ಅಂದ್ರೆ ಮನೆಗೆ ಹೋಗ್ಬೇಕಾಗತ್ತೆ," ಅಂದರು.

ಇವತ್ತು ನಿನ್ನ ಪಾರ್ಸೆಲ್ ಬಿಚ್ಚಿದೆ. ಹೌದು, ಇಲ್ಲಿಯವರೆಗೆ ಬಿಚ್ಚಿಯೇ ಇರಲಿಲ್ಲ. ಬಿಚ್ಚಿದರೆ ಹಾಕಿಕೊಂಡು ನೋಡಬೇಕಾಗುತ್ತದೆ. ಅಪ್ಪಾ, ನನ್ನ ಸೊಂಟ ಇಪ್ಪತ್ತಾರು ಇರಲಿಲ್ಲ. ಇಪ್ಪತ್ತೆಂಟೂವರೆ ಇತ್ತು. ಜುಲೈ ಹೊತ್ತಿಗೆ ಇಪ್ಪತ್ತಾರಕ್ಕೆ ಇಳಿಸಿಬಿಡುತ್ತೇನೆ ಅಂತ ಮೊದಲೇ ಬರೆದೆ. ಕೋಟು ಅಲ್ಲಿರುತ್ತದೆ, ನಾನು ಅದರೊಳಗೆ ಹೋಗಿ ಸೇರಿಕೊಳ್ಳಬೇಕು ಅಂತ. ದರ್ಜಿಯ ಮಗಳು ದರ್ಜಿಗೇ ಸುಳ್ಳು ಅಳತೆ ಕೊಟ್ಟೆ, ಆಮೇಲೆ ಬಿಸ್ಕತ್ತಿನ ಸುಳ್ಳಿಗೆ ನಿನ್ನ ಮೇಲೆ ಹಾರಾಡಿದೆ.

ಗುಂಡಿ ಹಾಕಲು ಆಗಲಿಲ್ಲ. ನೀನು ಬರೆದಂತೆ ಒಳಗಡೆ ತಿರುಗಿಸಿದೆ. ಪಕ್ಕದ ಹೊಲಿಗೆಗಳಲ್ಲಿ ಒಂದೊಂದು ಕಡೆ ಎರಡೆರಡು ಇಂಚು ಬಟ್ಟೆ ಮಡಚಿ ಬಿಟ್ಟಿದ್ದೀಯ. ಎಲ್ಲಿ ಬಿಚ್ಚಬೇಕು ಅಂತ ಸೀಮೆಸುಣ್ಣದ ಗೆರೆ ಕೂಡ ಎಳೆದಿದ್ದೀಯ. ಅದನ್ನು ನೋಡಿ ಎಷ್ಟು ಅತ್ತೆ ಅಂದರೆ ದಾದಿ ಓಡಿ ಬಂದು ಎಲ್ಲಿ ನೋವು ಅಂತ ಕೇಳಿದರು. ನಿನಗೆ ಮೊದಲೇ ಗೊತ್ತಿತ್ತಾ?

ಒಂದು ಮಾತು ಕೇಳಲಾ? ಆಗ ನನಗೆ ಹದಿಮೂರು ವರ್ಷ. ಶಾಲೆಯ ಸಮವಸ್ತ್ರಕ್ಕೆ ನೀನು ಅಂಗಡಿಯಲ್ಲಿ ನನ್ನ ಸೊಂಟದ ಅಳತೆ ತೆಗೆದೆ. ಮೂರು ಜನ ಗಿರಾಕಿಗಳಿದ್ದರು. "ಏನೇ ಇದು, ಒಂದು ವರ್ಷಕ್ಕೆ ಮೂರಿಂಚು! ಇನ್ಮೇಲೆ ನಿಂಗೆ ಬಟ್ಟೆ ಅಲ್ಲ, ಡೇರೆ ಹೊಲೀಬೇಕು," ಅಂದೆ. ಎಲ್ಲರೂ ನಕ್ಕರು. ನೀನು ಆ ಮೂರಿಂಚನ್ನು ಕೆಂಪು ಪೆನ್ಸಿಲ್ಲಿನಲ್ಲಿ ಬರೆದೆ. ಶಾಲೆಯಲ್ಲಿ ತಪ್ಪು ಲೆಕ್ಕಕ್ಕೆ ಹಾಕುತ್ತಾರಲ್ಲ, ಅದೇ ಕೆಂಪು. ಅವತ್ತು ಮನೆಗೆ ಬಂದು ನಾನು ನನ್ನ ಮೊದಲ ಪಟ್ಟಿ ಮಾಡಿದೆ.

ನಿನಗೆ ನೆನಪಿದೆಯಾ?

ಮಗಳು


ಮೇ ೧೭

ಮಗಳೇ,

ನೆನಪಿರಲಿಲ್ಲ. ಅದೇ ನನಗೆ ಹೆಚ್ಚು ಸಂಕಟ. ನಿನ್ನ ಕಾಗದ ಓದಿ ಹಳೇ ಪುಸ್ತಕ ತೆಗೆದೆ. ಆ ಪುಟದಲ್ಲಿ ಕೆಂಪು ಅಂಕಿ ಹಾಗೇ ಇದೆ. ಅಳತೆ ಬದಲಾದರೆ ಕತ್ತರಿ ಹಾಕುವಾಗ ಮರೆಯದಿರಲಿ ಅಂತ ಎಲ್ಲ ಗಿರಾಕಿಗಳಿಗೂ ಕೆಂಪಲ್ಲೇ ಬರೆಯುತ್ತೇನೆ, ಸಣ್ಣಗಾದರೂ ಕೆಂಪೇ. ಆದರೆ ಅದು ನನ್ನ ಲೆಕ್ಕ. ಹದಿಮೂರು ವರ್ಷದ ಮಗುವಿಗೆ ಅದನ್ನು ಯಾರು ಹೇಳಿದರು? ನಾನು ಹೇಳಲಿಲ್ಲ. ಮೂರು ಜನರನ್ನು ನಗಿಸಲು ನನ್ನ ಮಗಳನ್ನು ಡೇರೆ ಅಂದೆ. ತಪ್ಪಾಯಿತು ಕಣೇ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ, ನನ್ನದು ನಿನ್ನ ತಟ್ಟೆಗೇ ಹೋಗಿ ಕೂತಿತ್ತು.

ಅಳತೆ ಸುಳ್ಳು ಅಂತ ನನಗೆ ಚೀಟಿ ನೋಡಿದ ಕೂಡಲೇ ಗೊತ್ತಾಯಿತು. ಭುಜ, ಎದೆ, ತೋಳು ಹೋದ ವರ್ಷದ್ದೇ, ಸೊಂಟ ಮಾತ್ರ ಮೂರಿಂಚು ಕಡಿಮೆ. ಮೈ ಕರಗುವುದಾದರೆ ಹಾಗೆ ಒಂದೇ ಕಡೆ ಕರಗುವುದಿಲ್ಲ. ನೇರವಾಗಿ ಕೇಳೋಣ ಅಂದರೆ, ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡು ಯಾವ ಮುಖದಲ್ಲಿ ಕೇಳಲಿ? ಅದಕ್ಕೇ ಬಟ್ಟೆ ಬಿಟ್ಟೆ. ನಲವತ್ತು ವರ್ಷದಿಂದ ನಾನು ಎಲ್ಲರಿಗೂ ಬಿಡುತ್ತೇನೆ. ಮದುವೆಯಾಗುವವರು, ಹೆರುವವರು, ಜ್ವರ ಬಿದ್ದು ಎದ್ದವರು, ವಯಸ್ಸಾದವರು ಎಲ್ಲರೂ ನನ್ನ ಟೇಪಿನೊಳಗೆ ಬಂದು ಹೋಗಿದ್ದಾರೆ. ಯಾರ ಮೈಯೂ ತಪ್ಪು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಬಟ್ಟೆ ಹಿಡಿಯದಿದ್ದರೆ ಬಟ್ಟೆ ಬಿಚ್ಚುತ್ತೇವೆ. ಮನೆಯಲ್ಲಿ ಮಾತ್ರ ಈ ಬುದ್ಧಿ ಎಲ್ಲಿ ಹೋಗಿತ್ತೋ.

ನಿನ್ನ ಪಟ್ಟಿಯನ್ನು ಗೋಡೆಯಿಂದ ತೆಗೆದೆ. ಎಸೆಯಲಿಲ್ಲ. ಅದರಲ್ಲಿ ಒಳ್ಳೆಯ ಪದಾರ್ಥಗಳಿವೆ, ಡಾಕ್ಟರಮ್ಮ ಕೂಡ ಮೆಚ್ಚಿದರು. ಮೇಲಿನ "ಸರಿ", "ತಪ್ಪು" ಎರಡನ್ನೂ ಕತ್ತರಿಯಿಂದ ಕತ್ತರಿಸಿ ತೆಗೆದು ಉಳಿದದ್ದನ್ನು ಮತ್ತೆ ಅಂಟಿಸಿದೆ. ಈಗ ಅದು ತಿನ್ನುವ ಸಾಮಾನಿನ ಪಟ್ಟಿ, ಅಷ್ಟೇ. ಯಾವುದು ದಿನಾ, ಯಾವುದು ಅಪರೂಪಕ್ಕೆ, ಎಷ್ಟು ಅಂತ ನಾನೂ ಅಮ್ಮನೂ ಕೂತು ಮಾತಾಡಿಕೊಳ್ಳುತ್ತೇವೆ. ಮೂರು ಹೊತ್ತು ತರಕಾರಿ, ಬೇಳೆ, ಸ್ವಲ್ಪ ಅನ್ನ. ಸಂಜೆ ನಾಲ್ಕಕ್ಕೆ ಚಹಾ, ತಟ್ಟೆಯಲ್ಲಿ ಒಂದು ಬಿಸ್ಕತ್ತು, ಎದುರಿಗೆ ನಿನ್ನ ಅಮ್ಮ. ನಾಲ್ಕು ಸಲ ಅಗಿದು ತಿಂದರೆ ಅದರಲ್ಲಿ ಇಷ್ಟು ರುಚಿ ಇದೆ ಅಂತ ಡಬ್ಬಿಯಿಂದ ಕದ್ದು ತಿನ್ನುವಾಗ ಗೊತ್ತೇ ಆಗಿರಲಿಲ್ಲ. ಗುಂಡಿಯ ಡಬ್ಬಿಯಲ್ಲಿ ಈಗ ಗುಂಡಿ ಮಾತ್ರ ಇದೆ.

ಊಟ ಬಲ್ಲವನಿಗೆ ರೋಗವಿಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಊಟಕ್ಕೆ ಹೆದರುವವನಿಗೆ ಅಂತ ಅವರು ಹೇಳಲಿಲ್ಲ. ಮೇಡಮ್ಮನ ಹತ್ತಿರ ಎಲ್ಲ ಬಿಚ್ಚಿ ಹೇಳು, ಅಲ್ಲಿನ ಡಾಕ್ಟರಿಗೂ ಹೇಳು. ನಾಚಿಕೊಳ್ಳಬೇಡ.

ಜೂನ್ ಹದಿನೈದಕ್ಕೆ ನೀನು ಗೆದ್ದರೂ ನನ್ನ ಮಗಳು, ಮನೆಗೆ ಬಂದರೂ ನನ್ನ ಮಗಳು. ಆದರೆ ಗೆಲ್ಲು ಮಾರಾಯ್ತಿ, ಗಿರಾಕಿಗಳಿಗೆಲ್ಲ ಹೇಳಿಬಿಟ್ಟಿದ್ದೇನೆ.

ನಿನ್ನ ದರ್ಜಿ,
ಅಪ್ಪ


ಜೂನ್ ೨೦

ಅಪ್ಪಾ, ಅಮ್ಮಾ,

ಗೆದ್ದೆ!

ಭಾನುವಾರ ಫೋನಿನಲ್ಲಿ ಹೇಳಬಹುದಿತ್ತು, ಆದರೆ ಇದನ್ನು ಬರೆದು ಇಡಬೇಕು ಅನ್ನಿಸಿತು. ಗೊಂಬೆ ಹೆಗಲ ಮೇಲಿತ್ತು. ಒಂದೊಂದೇ ಮೆಟ್ಟಿಲು ಇಳಿದೆ. ಮಧ್ಯದಲ್ಲಿ ಒಂದು ಸಲ ನಿಂತು ಉಸಿರು ತೆಗೆದುಕೊಂಡೆ, ಕೆಳಗಿನಿಂದ ಏಣಿ ಕೂಗಿದಳು: "ಬೆಣ್ಣೆ ಇಲ್ಲೇ ಇದೆ, ಇಳಿದು ಬಾರೇ!" ನಗು ಬಂದು ಕೈ ಜಾರುವುದರಲ್ಲಿತ್ತು. ನೆಲ ಮುಟ್ಟಿ ಗೊಂಬೆಯನ್ನು ಮೆಲ್ಲಗೆ ಮಲಗಿಸಿದೆ. ಮೇಡಂ ಹತ್ತಿರ ಬಂದು ಗೊಂಬೆಯ ಮೂಗಿನ ಹತ್ತಿರ ಬೆರಳಿಟ್ಟು ನೋಡಿ, "ಉಸಿರಾಡ್ತಿದೆ," ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಬಗ್ಗೆ ನನಗೆ ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಮೇಡಂಗೆ ಎಲ್ಲ ಹೇಳಿದೆ. ಅವರು ಡಾಕ್ಟರ ಹತ್ತಿರ ಕಳಿಸಿದರು, ವಾರಕ್ಕೊಮ್ಮೆ ಹೋಗುತ್ತೇನೆ. ಬೆಳಗ್ಗೆ ಎರಡು ಮೊಟ್ಟೆ, ಬ್ರೆಡ್ಡು, ಹಣ್ಣು. ಮಧ್ಯಾಹ್ನ ಹೊಟ್ಟೆ ತುಂಬ ಅನ್ನ, ಬೇಳೆ, ತರಕಾರಿ. ಸೌತೆಕಾಯಿ ಈಗಲೂ ತಿನ್ನುತ್ತೇನೆ. ಅದು ನನಗೆ ನಿಜವಾಗಿಯೂ ಇಷ್ಟ ಅಂತ ಈಗ ಗೊತ್ತಾಯಿತು, ಮೊದಲು ಇಷ್ಟವೋ ಹೆದರಿಕೆಯೋ ತಿಳಿಯುತ್ತಿರಲಿಲ್ಲ. ಗೆದ್ದ ದಿನ ಕೇಕ್ ತಂದಿದ್ದರು, ಒಂದು ತುಂಡು ತಿಂದೆ. ಮರುದಿನ ಅದಕ್ಕಾಗಿ ಹೆಚ್ಚು ಓಡಲಿಲ್ಲ. ಎಲ್ಲ ಸರಿಹೋಯಿತು ಅಂತಲ್ಲ ಅಪ್ಪಾ. ಕೆಲವು ದಿನ ತಟ್ಟೆಯ ಮುಂದೆ ಕೂತಾಗ ಆ ಕೆಂಪು ಪೆನ್ಸಿಲ್ಲು ತಾನೇ ಎದ್ದು ಬರುತ್ತದೆ. ಆಗ ಪಕ್ಕದವರ ಜೊತೆ ಏನಾದರೂ ಮಾತು ತೆಗೆಯುತ್ತೇನೆ. ಪಕ್ಕದಲ್ಲಿ ಈಗ ಜನರಿದ್ದಾರೆ. ಏಣಿಯ ಹತ್ತಿರ ಕ್ಷಮೆ ಕೇಳಿದ್ದಕ್ಕೆ, "ನನ್ನ ತಟ್ಟೆ ಬಿಟ್ಟು ನಿನ್ನ ತಟ್ಟೆ ನೋಡ್ಕೊ, ಸಾಕು," ಅಂದು ಬೆಣ್ಣೆಯ ಬಟ್ಟಲು ನನ್ನ ಕಡೆ ತಳ್ಳಿದಳು.

ಕೋಟಿನ ಪಕ್ಕದ ಹೊಲಿಗೆ ನಾನೇ ಬಿಚ್ಚಿ, ನಿನ್ನ ಸೀಮೆಸುಣ್ಣದ ಗೆರೆಯ ಮೇಲೇ ಕೈಹೊಲಿಗೆ ಹಾಕಿದೆ. ಸೊಂಟಕ್ಕೆ ಸರಿಯಾಗಿ ಕೂತಿತು. ಆದರೆ ಒಂದು ತೊಂದರೆ. ತೋಳೆತ್ತಿ ವಂದನೆ ಮಾಡಲು ಹೋದೆ, ಬೆನ್ನ ಹಿಂದೆ ಚರ್ರಂತ ಸದ್ದಾಯಿತು. ಭುಜಕ್ಕೆ ನೀನು ಬಿಟ್ಟಿದ್ದು ಅರ್ಧ ಇಂಚು. ಸಾಲಲಿಲ್ಲ.

ಏಣಿ ಟೇಪು ಹಿಡಿದಳು, ನಾನು ಹೊಟ್ಟೆ ಒಳಗೆ ಎಳೆದುಕೊಳ್ಳದೆ ನಿಂತೆ. ಭುಜ ಹದಿನೇಳು, ಎದೆ ಮೂವತ್ತಾರೂವರೆ, ತೋಳು ಇಪ್ಪತ್ತೆರಡೂವರೆ, ಸೊಂಟ ಇಪ್ಪತ್ತೊಂಬತ್ತೂವರೆ. ಎಲ್ಲ ನಿಜ. ಕೆಂಪು ಪೆನ್ಸಿಲ್ಲಿನಲ್ಲೇ ಬರೆದುಕೋ, ಪರವಾಗಿಲ್ಲ. ಬಟ್ಟೆ ಇನ್ನೊಂದು ತುಂಡು ಕೊಟ್ಟಿದ್ದಾರೆ, ಕಳಿಸುತ್ತಿದ್ದೇನೆ.

ಇಂತು,
ನಿಮ್ಮ ಮಗಳು


ಜುಲೈ ೪

ಮಗಳೇ,

ಮೊದಲು ದೊಡ್ಡ ಸುದ್ದಿ. ನಲವತ್ತು ವರ್ಷದ ಕಸುಬಿನಲ್ಲಿ ಇದೇ ಮೊದಲ ಸಲ ನಾನು ಬಿಟ್ಟ ಬಟ್ಟೆ ಒಬ್ಬರಿಗೆ ಸಾಲಲಿಲ್ಲ. ದರ್ಜಿಗೆ ಇದು ಅವಮಾನ. ನಾನು ಆ ಅವಮಾನವನ್ನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೇಳಿಕೊಂಡು ಬಂದೆ. "ನಾನು ಹೊಲಿದ ಕೋಟು ಹರಿದ್ಹೋಯ್ತು ಕಣ್ರೀ! ನನ್ನ ಮಗಳ ಭುಜಕ್ಕೆ ನಾನು ಬಿಟ್ಟ ಬಟ್ಟೆ ಸಾಲ್ಲಿಲ್ಲ!" ಗಡಿಯಾರ ರಿಪೇರಿಯವರು ನನಗೆ ತಲೆ ಕೆಟ್ಟಿದೆ ಅಂದುಕೊಂಡು ನಿನ್ನ ಅಮ್ಮನನ್ನು ಕರೆದರು. ಅವಳು ಬಂದು, "ಹೌದು, ಹದಿನೇಳಿಂಚು!" ಅಂತ ನನಗಿಂತ ಜೋರಾಗಿ ಹೇಳಿದಳು.

ಅಳತೆ ಪುಸ್ತಕದಲ್ಲಿ ಹೊಸ ಪುಟ ತೆಗೆದು ನೀನು ಹೇಳಿದಂತೆ ಕೆಂಪಲ್ಲೇ ಬರೆದೆ. ನಾಲ್ಕು ಅಂಕಿ ಬರೆಯಲು ಇಷ್ಟು ಹೊತ್ತು ನನಗೆ ಯಾವತ್ತೂ ಹಿಡಿದಿರಲಿಲ್ಲ, ಕನ್ನಡಕ ಒರೆಸಿ ಒರೆಸಿ ಬರೆಯಬೇಕಾಯಿತು. ನನ್ನ ಸಕ್ಕರೆಯೂ ಇಳಿದಿದೆ. ಡಾಕ್ಟರಮ್ಮ ಬೆನ್ನು ತಟ್ಟಿದರು. ಅದನ್ನೂ ಬೀದಿಯಲ್ಲಿ ಹೇಳಿದೆ, ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ.

ಹದಿನೆಂಟರ ಕವಾಯತಿಗೆ ಇಬ್ಬರೂ ಹಿಂದಿನ ದಿನವೇ ಬಂದಿಳಿಯುತ್ತೇವೆ. ಆ ಏಣಿ ಹುಡುಗಿಗೆ ಹೇಳು, ಅವಳ ತೋಳು ಗಿಡ್ಡವಾಗಿದ್ದರೆ ನಾನು ಅಲ್ಲೇ ಕೂತು ಸರಿಮಾಡಿಕೊಡುತ್ತೇನೆ. ಒಂದು ಡಬ್ಬಿ ಬಿಸ್ಕತ್ತು ತರುತ್ತೇನೆ, ಅದು ಎಲ್ಲರಿಗೂ. ನನ್ನ ಪಾಲು ಒಂದು, ನಿನ್ನ ಎದುರಿಗೇ ತಿನ್ನುತ್ತೇನೆ.

ಕೋಟು ಇದರ ಜೊತೆಗಿದೆ. ಹಾಕಿಕೊಂಡು ಕೈ ಎಷ್ಟು ಬೇಕಾದರೂ ಮೇಲೆತ್ತು, ಹರಿಯುವುದಿಲ್ಲ. ಈ ಸಲವೂ ಒಳಗೆ ಬಟ್ಟೆ ಬಿಟ್ಟಿದ್ದೇನೆ, ಸೊಂಟಕ್ಕೆ ಎಂದಿನಂತೆ, ಭುಜಕ್ಕೆ ಎರಡಿಂಚು ಹೆಚ್ಚು.

ನಿನ್ನ ದರ್ಜಿ,
ಅಪ್ಪ